ಹಳೆಯ ಹನಿಯೇ ಗೆದ್ದ ಪರೀಕ್ಷೆ

ಭತ್ತದ ಗರಿ, ಕಬ್ಬಿನ ಸೋಗೆ, ಒಕ್ಕಣೆಯ ಹೊಟ್ಟು. ಕಣ್ಣಿನ ಕರಿಗುಡ್ಡೆಯನ್ನು ಮುಚ್ಚಿರುವ ಗಾಜಿನಂಥ ಪದರ ಕಾರ್ನಿಯಾ ಗೀರಿಕೊಳ್ಳಲು ಇಷ್ಟು ಸಾಕು. ಆ ಗೀರಿನೊಳಗೆ ಫಂಗಸ್ ಸೇರಿದರೆ ಹುಣ್ಣಾಗುತ್ತದೆ. ಹುಣ್ಣು ಮಾಗಿದರೂ ಬಿಳಿ ಕಲೆ ಉಳಿದು ನೋಟ ಮಸುಕಾಗುತ್ತದೆ. ಮಾಗದಿದ್ದರೆ ಕಾರ್ನಿಯಾವೇ ತೂತಾಗುತ್ತದೆ. ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಕಣ್ಣುಗಳಿಗೆ ಈ ಸೋಂಕು ತಗಲುತ್ತದೆ ಎಂಬ ಅಂದಾಜಿದೆ. ಅವುಗಳಲ್ಲಿ ಬಹುಪಾಲು ಬಿಸಿಲು, ತೇವ, ಬೇಸಾಯ ಮೂರೂ ಇರುವ ನಮ್ಮಂಥ ಸೀಮೆಗಳವು. ಶ್ರೀಮಂತ ದೇಶಗಳಲ್ಲಿ ಕಾರ್ನಿಯಾ ಹುಣ್ಣೆಂದರೆ ಹೆಚ್ಚಾಗಿ ಕಾಂಟ್ಯಾಕ್ಟ್ ಲೆನ್ಸ್ ತೊಡುವವರ ಬ್ಯಾಕ್ಟೀರಿಯಾ ಸೋಂಕು. ಹಾಗಾಗಿ ಕೂಲಿಯವರ ಕಣ್ಣಿಗೆ ಯಾವ ಔಷಧ ಒಳ್ಳೆಯದು ಎಂಬ ಪ್ರಶ್ನೆಯನ್ನು ದೊಡ್ಡ ಮಟ್ಟದಲ್ಲಿ ಕೇಳಲು ಯಾರಿಗೂ ಅವಸರವಿರಲಿಲ್ಲ.

ಫಂಗಸ್ ಹುಣ್ಣಿಗಿದ್ದ ಹಳೆಯ ಮದ್ದು ನಟಮೈಸಿನ್. 1950ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಪಡೆದದ್ದು. ಚೀಸ್‌ಗೆ ಬೂಷ್ಟು ಹಿಡಿಯದಂತೆ ಅದರ ಮೇಲೆ ಸವರುವುದೂ ಇದನ್ನೇ. ಹನಿ ಬಿಟ್ಟರೆ ಕಣ್ಣಲ್ಲಿ ಬಿಳಿ ಗಸಿಯಂತೆ ನಿಲ್ಲುತ್ತದೆ, ಕಾರ್ನಿಯಾದ ಆಳಕ್ಕೆ ಇಳಿಯುವುದಿಲ್ಲ ಎಂಬ ದೂರು ಮೊದಲಿನಿಂದಲೂ ಇತ್ತು. ಅಷ್ಟರಲ್ಲಿ ವೊರಿಕೊನಜೋಲ್ ಬಂತು: ಹೊಸದು, ಆಳಕ್ಕೆ ಇಳಿಯುವಂಥದ್ದು, ಪ್ರಯೋಗಾಲಯದ ತಟ್ಟೆಯಲ್ಲಿ ಬಗೆಬಗೆಯ ಫಂಗಸ್‌ಗಳನ್ನು ಅಡಗಿಸಿದ್ದು. ಸುಲಭವಾಗಿ ಸಿಗುವಂತಿದ್ದರೆ ಇದನ್ನೇ ಬಳಸುತ್ತಿದ್ದೆವು ಎಂದು ಕಾರ್ನಿಯಾ ತಜ್ಞರಲ್ಲಿ ಅನೇಕರು ಹೇಳುತ್ತಿದ್ದರು. ತರ್ಕದಲ್ಲಿ ಕುಂದಿರಲಿಲ್ಲ, ಪುರಾವೆ ಮಾತ್ರ ಇರಲಿಲ್ಲ.

ಆ ಪುರಾವೆ ಹುಡುಕಲು ಹೊರಟವರು ಮಧುರೈನ ಅರವಿಂದ್ ಕಣ್ಣಿನ ಆಸ್ಪತ್ರೆ ಮತ್ತು ಸ್ಯಾನ್ ಫ್ರಾನ್ಸಿಸ್ಕೊದ ಪ್ರಾಕ್ಟರ್ ಸಂಸ್ಥೆಯವರು. 2010-11ರಲ್ಲಿ 323 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ನಟಮೈಸಿನ್, ಇನ್ನೊಂದಕ್ಕೆ ವೊರಿಕೊನಜೋಲ್ ಹನಿ ಕೊಟ್ಟರು. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ಮೂರು ತಿಂಗಳ ಬಳಿಕ ದೃಷ್ಟಿ ಅಳೆದವರಿಗೂ ಗೊತ್ತಿಲ್ಲ. 2013ರಲ್ಲಿ ಪ್ರಕಟವಾದ ಫಲಿತಾಂಶ ನಿರೀಕ್ಷೆಯನ್ನು ತಲೆಕೆಳಗು ಮಾಡಿತು. ಹಳೆಯ ಹನಿ ಬಿಟ್ಟವರಿಗೆ ನೋಟ ಚೆನ್ನಾಗಿ ಮರಳಿತ್ತು. ಕಾರ್ನಿಯಾ ತೂತಾಗಿದ್ದು ಅಥವಾ ತುರ್ತಾಗಿ ಕಸಿ ಮಾಡಬೇಕಾಗಿ ಬಂದದ್ದು ಹೊಸ ಔಷಧದ ಗುಂಪಿಗೆ ಹೋಲಿಸಿದರೆ ಸುಮಾರು ಅರ್ಧದಷ್ಟು. ನಮ್ಮ ಕಡೆ ಹೆಚ್ಚಾಗಿ ಕಾಣುವ ಫ್ಯುಸೇರಿಯಮ್ ಎಂಬ ಫಂಗಸ್‌ನ ಸೋಂಕಿನಲ್ಲಂತೂ ದೃಷ್ಟಿ ಪಟ್ಟಿಯ ನಾಲ್ಕು ಸಾಲಿನಷ್ಟು ಅಂತರ. ಪಟ್ಟಿಯಲ್ಲಿ ನಾಲ್ಕು ಸಾಲು ಎಂದರೆ ಬಸ್ಸಿನ ಬೋರ್ಡು ಓದುವವನಿಗೂ ಓದಲಾಗದವನಿಗೂ ಇರಬಹುದಾದ ವ್ಯತ್ಯಾಸ.

ಅನುಭವಿ ವೈದ್ಯರ ಕೈಗುಣಕ್ಕಿಂತ ಅಂಕಿ-ಸಂಖ್ಯೆ ದೊಡ್ಡದೇ ಎಂದು ಕೇಳುವವರಿದ್ದಾರೆ. ಇಲ್ಲಿ ಅದು ದೊಡ್ಡದೇ, ಏಕೆಂದರೆ ಒಬ್ಬ ವೈದ್ಯರ ಬಳಿ ಬರುವ ಹುಣ್ಣುಗಳು ಒಂದೇ ಹದದಲ್ಲಿರುವುದಿಲ್ಲ. ತೀವ್ರವಾದವಕ್ಕೆ ಹೊಸ ಮದ್ದು, ಸೌಮ್ಯವಾದವಕ್ಕೆ ಹಳೆಯದು ಎಂದು ಕೈ ತಾನಾಗಿ ಹಂಚಿಬಿಡುತ್ತದೆ. ಆಮೇಲೆ ಗೆದ್ದದ್ದು ಮದ್ದೋ, ಮೊದಲೇ ಸೌಮ್ಯವಾಗಿದ್ದ ರೋಗವೋ ಎಂದು ಬಿಡಿಸಲಾಗದು. ಇನ್ನೊಂದು ಆಕ್ಷೇಪ ಹೆಚ್ಚು ಭಾರವಾದದ್ದು: ಬಡವರ ಕಣ್ಣಿನ ಮೇಲೆ ಚೀಟಿ ಎತ್ತುವುದು ಸರಿಯೇ? ಎರಡರಲ್ಲಿ ಒಂದು ಕೀಳೆಂದು ಮೊದಲೇ ತಿಳಿದಿದ್ದರೆ ಖಂಡಿತ ತಪ್ಪು. ತಿಳಿದಿರಲಿಲ್ಲ, ತಿಳಿದಿದ್ದೇವೆ ಎಂದುಕೊಂಡವರ ಒಲವು ವಾಸ್ತವದ ಎದುರು ದಿಕ್ಕಿಗಿತ್ತು. ಪರೀಕ್ಷೆ ನಡೆಯದಿದ್ದರೆ ಅದೇ ಬಡವರಿಗೆ ದುಬಾರಿ ಔಷಧವೇ ವಾಡಿಕೆಯಾಗುತ್ತಿತ್ತು, ಒಪ್ಪಿಗೆ ಕೇಳುವ ಶಿಷ್ಟಾಚಾರವೂ ಇಲ್ಲದೆ. ಒಂದೇ ಪರೀಕ್ಷೆಯನ್ನು ನಂಬಬಹುದೇ ಎಂಬ ಸಂಶಯಕ್ಕೆ ಭಾಗಶಃ ಉತ್ತರ 2016ರಲ್ಲಿ ಬಂತು. ಭಾರತ ಮತ್ತು ನೇಪಾಳದಲ್ಲಿ ತೀವ್ರ ಹುಣ್ಣಿನ 240 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಹನಿಗಳ ಜೊತೆ ವೊರಿಕೊನಜೋಲ್ ಮಾತ್ರೆಯನ್ನೂ ಕೊಟ್ಟು ನೋಡಿದಾಗ, ಮಾತ್ರೆಯಿಂದ ತೂತಾಗುವುದು ಒಟ್ಟಾರೆ ಕಡಿಮೆಯಾಗಲಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚಿತು.

ಮಿತಿಗಳೂ ಇವೆ. ಫ್ಯುಸೇರಿಯಮ್ ಅಲ್ಲದ ಫಂಗಸ್‌ಗಳಲ್ಲಿ ಎರಡು ಹನಿಗಳ ನಡುವೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ. ಆಳವಾಗಿ ಇಳಿದ ಹುಣ್ಣಿಗೆ ಯಾವ ಹನಿಯೂ ಸಾಲದೆ ಕೊನೆಗೆ ಕಸಿಯೇ ಗತಿಯಾಗುತ್ತದೆ. ಸೋಂಕಿನಿಂದ ಕೆಂಪಾಗಿ ಊದಿದ ಕಣ್ಣಿಗೆ ಹಾಕಿದ ಕಾರ್ನಿಯಾ ಬಾಳುವುದು ಕಷ್ಟ. 2021ರಲ್ಲಿ ನಟ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳು ನಾಲ್ವರಿಗೆ ಬೆಳಕಾದ ಮೇಲೆ ನೇತ್ರದಾನದ ಮಾತು ಕರ್ನಾಟಕದ ಮನೆಮನೆಗೆ ತಲುಪಿದ್ದು ಒಳ್ಳೆಯದೇ. ಆದರೆ ಕಸಿಯವರೆಗೆ ಹೋಗದಂತೆ ಹುಣ್ಣನ್ನು ಹನಿಯಲ್ಲೇ ತಡೆದರೆ, ದಾನಿಯ ಕಾರ್ನಿಯಾ ಅದು ಚೆನ್ನಾಗಿ ಬಾಳುವ ಇನ್ನೊಂದು ಕಣ್ಣಿಗೆ ಉಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ನಟಮೈಸಿನ್ ಹನಿಯನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅದು ಕೆಲಸ ಮಾಡಬೇಕಾದರೆ ಹುಣ್ಣು ಫಂಗಸ್‌ನದೇ ಎಂದು ಮೊದಲು ಗೊತ್ತಾಗಬೇಕು. ಅದಕ್ಕೆ ಬೇಕಾದದ್ದು ಹುಣ್ಣಿನಿಂದ ಕೆರೆದ ಚೂರು, ಗಾಜಿನ ಸ್ಲೈಡ್, ಒಂದು ತೊಟ್ಟು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ, ಒಂದು ಮೈಕ್ರೋಸ್ಕೋಪ್ ಮತ್ತು ಅದರಲ್ಲಿ ನೋಡಬಲ್ಲ ಒಬ್ಬರು. ಇವಿಲ್ಲದ ಕಡೆ ರೋಗಿ ಮೊದಲು ಹೋಗುವುದು ಮೆಡಿಕಲ್ ಶಾಪಿಗೆ; ಅಲ್ಲಿಂದ ತಂದ ಹನಿಯಲ್ಲಿ ಸ್ಟಿರಾಯ್ಡ್ ಇದ್ದರೆ ಎರಡು ದಿನ ಉರಿ ತಣಿಯುತ್ತದೆ, ಒಳಗೆ ಫಂಗಸ್ ಬೆಳೆಯುತ್ತಲೇ ಇರುತ್ತದೆ.