ಒಟ್ಟೊಟ್ಟಿಗೆ ಬರುವ ಬಸ್ಸುಗಳು

ಬೆಂಗಳೂರಿನಲ್ಲಿ ನಗರ ಸಾರಿಗೆ ನಿಗಮವಾದ ಬಿಎಂಟಿಸಿಯ ಬಸ್ಸನ್ನೇ ನಂಬಿ ಕೆಲಸಕ್ಕೆ ಹೋಗುವವರ ದೂರುಗಳಿಗೆ ಕೊನೆಯಿಲ್ಲ. ನೂಕುನುಗ್ಗಲು, ಚಿಲ್ಲರೆ ಜಗಳ, ಸ್ಟಾಪಿನಲ್ಲಿ ನಿಲ್ಲಿಸದೆ ಮುಂದೆ ಹೋಗುವ ಚಾಲಕರು, ಸಿಲ್ಕ್ ಬೋರ್ಡಿನಲ್ಲೋ ಹೆಬ್ಬಾಳದಲ್ಲೋ ಅಲುಗಾಡದೆ ನಿಂತ ವಾಹನಗಳ ಸಾಲು. ಇದಕ್ಕೆಲ್ಲ ಕೇಳಿಬರುವ ಪರಿಹಾರ ಒಂದೇ: ಇನ್ನಷ್ಟು ಬಸ್ಸು ಬಿಡಿ. ಬಸ್ಸು ಸಾಲದು ಎಂಬುದು ನಿಜವೇ. ಆದರೆ ದಿನನಿತ್ಯದ ಪ್ರಯಾಣಿಕರನ್ನು ಹೆಚ್ಚು ದಣಿಸುತ್ತಿರುವುದು ಬಸ್ಸುಗಳ ನಡುವಿನ ಅಂತರದ ಏರುಪೇರು ಎಂದು ನನಗನಿಸುತ್ತದೆ. ಅರ್ಧ ಗಂಟೆ ಒಂದು ಬಸ್ಸೂ ಇಲ್ಲ, ಆಮೇಲೆ ಒಂದೇ ನಂಬರಿನ ಎರಡು ಮೂರು ಬಸ್ಸು ಒಂದರ ಬೆನ್ನಿಗೊಂದು ಬರುತ್ತವೆ. ಹೊರವರ್ತುಲ ರಸ್ತೆಯಲ್ಲಿ 500ಡಿ ಕಾಯುವವರಿಗೂ, ಮೆಜೆಸ್ಟಿಕ್‌ನಿಂದ ಕಾಡುಗೋಡಿಗೆ 335ಇ ಹಿಡಿಯುವವರಿಗೂ ಇದು ಹೊಸದಲ್ಲ.

ಲೆಕ್ಕ ಸರಳ. ಗಂಟೆಗೆ ಆರು ಬಸ್ಸು, ಹತ್ತು ಹತ್ತು ನಿಮಿಷಕ್ಕೊಂದರಂತೆ ಬಂದರೆ ಪ್ರಯಾಣಿಕರು ಸರಾಸರಿ ಐದು ನಿಮಿಷ ಕಾಯುತ್ತಾರೆ. ಅದೇ ಆರು ಬಸ್ಸು ಇಪ್ಪತ್ತು ನಿಮಿಷಕ್ಕೊಮ್ಮೆ ಜೋಡಿಜೋಡಿಯಾಗಿ ಬಂದರೆ ಸರಾಸರಿ ಕಾಯುವಿಕೆ ಹತ್ತು ನಿಮಿಷ. ಒಂದು ಬಸ್ಸೂ ಕಡಿಮೆಯಾಗಿಲ್ಲ, ಡೀಸೆಲ್ ಉಳಿದಿಲ್ಲ, ಕಾಯುವ ಹೊತ್ತು ಮಾತ್ರ ಇಮ್ಮಡಿಯಾಯಿತು. ನೂಕುನುಗ್ಗಲಿನ ಮೂಲವೂ ಬಹುಪಾಲು ಇದೇ. ಜೋಡಿಯ ಮುಂದಿನ ಬಸ್ಸಿಗೆ ಇಪ್ಪತ್ತು ನಿಮಿಷ ಸೇರಿದ ಜನ ಹತ್ತುತ್ತಾರೆ, ಹಿಂದಿನದು ಖಾಲಿ ಸೀಟುಗಳೊಂದಿಗೆ ಓಡುತ್ತದೆ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಕಡತದಲ್ಲಿ ಎಲ್ಲ ಚೆನ್ನಾಗಿಯೇ ಕಾಣುತ್ತದೆ. ಹೆಚ್ಚಿನ ಪ್ರಯಾಣಿಕರ ಪಾಲಿಗೆ ಬಂದದ್ದು ಮಾತ್ರ ತುಂಬಿ ತುಳುಕುವ ಬಸ್ಸು. ಇದಕ್ಕಿಂತ ದೊಡ್ಡ ನಷ್ಟ ಅನಿಶ್ಚಿತತೆಯದು. ಒಂಬತ್ತಕ್ಕೆ ಗಾರ್ಮೆಂಟ್ಸ್ ಗೇಟಿನೊಳಗೆ ಇರಬೇಕಾದ ಹೆಣ್ಣುಮಗಳು ಸರಾಸರಿ ದಿನವನ್ನು ನಂಬಿ ಮನೆ ಬಿಡುವಂತಿಲ್ಲ, ಅತಿ ಕೆಟ್ಟ ದಿನಕ್ಕೆ ಸಿದ್ಧಳಾಗಿ ಹೊರಡಬೇಕು. ನಿದ್ದೆಯಿಂದ, ಮಕ್ಕಳ ಬುತ್ತಿ ಕಟ್ಟುವ ಹೊತ್ತಿನಿಂದ ಕಿತ್ತುಕೊಂಡ ಆ ಸಮಯ ಯಾವ ನಿಗಮದ ವರದಿಯಲ್ಲೂ ದಾಖಲಾಗುವುದಿಲ್ಲ.

ಬಸ್ಸುಗಳು ಹೀಗೆ ಗುಂಪುಗೂಡುವುದಕ್ಕೆ ಚಾಲಕರ ಉದಾಸೀನವೇ ಕಾರಣ ಎಂದು ಬೈಯುವುದು ಸುಲಭ, ಆದರೆ ಅನ್ಯಾಯ. ಒಂದು ಬಸ್ಸು ಸಿಗ್ನಲಿನಲ್ಲಿ ಎರಡು ನಿಮಿಷ ಹಿಂದೆ ಬಿತ್ತು ಎನ್ನಿ. ಮುಂದಿನ ಸ್ಟಾಪಿನಲ್ಲಿ ಅಷ್ಟು ಹೆಚ್ಚು ಜನ ಸೇರಿರುತ್ತಾರೆ. ಹತ್ತಿ ಇಳಿಯುವಷ್ಟರಲ್ಲಿ ಅದು ಇನ್ನೂ ತಡವಾಗುತ್ತದೆ. ಅದರ ಹಿಂದಿನ ಬಸ್ಸಿಗೆ ಜನ ಕಡಿಮೆ, ಅದು ಬೇಗ ಬೇಗ ಸಾಗಿ ಮುಂದಿನದನ್ನು ಹಿಡಿದುಬಿಡುತ್ತದೆ. ಯಾರೂ ತಪ್ಪು ಮಾಡದಿದ್ದರೂ ಹೀಗಾಗುತ್ತದೆ ಎಂಬುದನ್ನು ನ್ಯೂವೆಲ್ ಮತ್ತು ಪಾಟ್ಸ್ ಎಂಬ ಸಂಶೋಧಕರು 1964ರಲ್ಲೇ ಗಣಿತದ ಮೂಲಕ ತೋರಿಸಿದ್ದರು. ನಮ್ಮಲ್ಲಿ ಟಿಕೆಟಿನ ಕೆಲಸವೂ ಇದಕ್ಕೆ ಸೇರಿಕೊಳ್ಳುತ್ತದೆ. ಮುಂದಿನ ಸ್ಟೇಜಿನೊಳಗೆ ಎಲ್ಲರಿಗೂ ಟಿಕೆಟ್ ಕೊಡಬೇಕಾದ ಕಂಡಕ್ಟರ್ ಬಸ್ಸನ್ನು ಬದಿಗೆ ನಿಲ್ಲಿಸುವುದುಂಟು. ಹೆಂಗಸರಿಗೆ ಉಚಿತ ಬಸ್ ಪ್ರಯಾಣ ಕೊಡುವ, 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದಲೇ ಈ ಕಷ್ಟ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮನೆಗೆಲಸ, ಕಾರ್ಖಾನೆ ಕೆಲಸಕ್ಕೆ ಹೋಗುವ ಹೆಂಗಸರು ಬಸ್ಸು ಹತ್ತುವುದು ಯೋಜನೆಯ ಗೆಲುವು. ದುಡ್ಡೇ ಇಲ್ಲದ ಶೂನ್ಯ ದರದ ಟಿಕೆಟನ್ನೂ ಒಬ್ಬೊಬ್ಬರ ಗುರುತಿನ ಚೀಟಿ ನೋಡಿ ಹರಿದುಕೊಡುವ ಪದ್ಧತಿಯನ್ನು ಸರಿಪಡಿಸಬೇಕೇ ಹೊರತು ಅವರನ್ನು ಇಳಿಸಬೇಕಾಗಿಲ್ಲ.

ಇಷ್ಟು ಟ್ರಾಫಿಕ್ ಇರುವಾಗ ನಿಗಮ ತಾನೇ ಏನು ಮಾಡೀತು ಎಂಬುದು ಗಟ್ಟಿಯಾದ ಆಕ್ಷೇಪ. ಆದರೆ ಬಸ್ಸಿಗೆ ದಾರಿ ಬಿಡಿಸಿಕೊಡುವುದು ಅಸಾಧ್ಯವೇನಲ್ಲ. 2019ರ ಕೊನೆಯಲ್ಲಿ ಸಿಲ್ಕ್ ಬೋರ್ಡಿನಿಂದ ಟಿನ್ ಫ್ಯಾಕ್ಟರಿಯ ಕಡೆಗೆ ಬಸ್ಸಿಗೆಂದೇ ಪಥ ಗುರುತಿಸಲಾಗಿತ್ತು. ಮೆಟ್ರೋ ಕಾಮಗಾರಿ ಬಂದಾಗ ಅದು ಮರೆಯಾಯಿತು. ಹುಬ್ಬಳ್ಳಿ–ಧಾರವಾಡದಲ್ಲಿ 2018ರಿಂದ ಚಿಗರಿ ಬಸ್ಸುಗಳು ತಮ್ಮದೇ ಪಥದಲ್ಲಿ ಓಡುತ್ತಿವೆ, ಟಿಕೆಟನ್ನು ನಿಲ್ದಾಣದಲ್ಲೇ ಕೊಂಡು ಹತ್ತಬಹುದು. ಪಕ್ಕದ ಪಥ ಇಕ್ಕಟ್ಟಾಯಿತೆಂದು ಅಲ್ಲಿಯೂ ಸಿಟ್ಟಾದವರು ಬಹಳ. ಅವರ ತೊಂದರೆ ಸುಳ್ಳಲ್ಲ. ಆದರೆ ರಸ್ತೆಯಲ್ಲಿ ಎರಡು ಮೂರು ಕಾರಿನ ಜಾಗ ಹಿಡಿಯುವ ಬಸ್ಸು ಅರವತ್ತು ಜನರನ್ನು ಹೊತ್ತೊಯ್ಯುತ್ತದೆ. ವಾಹನಗಳನ್ನು ಬಿಟ್ಟು ಜನರನ್ನು ಎಣಿಸಿದರೆ ಆ ಪಥ ಯಾರಿಗೆ ಸಲ್ಲಬೇಕು ಎಂಬುದು ಸ್ಪಷ್ಟ.

ಪಥ ಸಿಗುವವರೆಗೂ ಕೈಕಟ್ಟಿ ಕೂರಬೇಕಿಲ್ಲ. ಯಾವ ಬಸ್ಸು ಎಲ್ಲಿದೆ ಎಂದು ಮೊಬೈಲಿನಲ್ಲಿ ಪ್ರಯಾಣಿಕರಿಗೇ ತೋರಿಸುವ ಆ್ಯಪ್ ಈಗ ಇದೆ. ಅದೇ ಮಾಹಿತಿ ನಿಯಂತ್ರಣ ಕೊಠಡಿಯಲ್ಲೂ ಇರುವಾಗ, ಒಂದನ್ನೊಂದು ಹಿಡಿದ ಎರಡು ಬಸ್ಸುಗಳಲ್ಲಿ ಹಿಂದಿನದನ್ನು ಬನಶಂಕರಿಯಲ್ಲೋ ಮಾರತ್ತಹಳ್ಳಿಯಲ್ಲೋ ಮೂರು ನಿಮಿಷ ತಡೆಯಿರಿ ಎಂದು ಹೇಳುವುದು ಕಷ್ಟವಲ್ಲ. ಒಳಗೆ ಕುಳಿತವರು ಗೊಣಗುತ್ತಾರೆ, ಖಂಡಿತ. ಆದರೆ ಹಿಂದಿನ ಬಸ್ಸಿನಲ್ಲಿ ಇರುವವರೇ ಕಡಿಮೆ, ಮುಂದಿನ ಸ್ಟಾಪುಗಳಲ್ಲಿ ಕಾದು ನಿಂತವರು ಹೆಚ್ಚು. ಲಂಡನ್‌ನಲ್ಲಿ ಪದೇಪದೇ ಬರುವ ಬಸ್ಸುಗಳ ಗುತ್ತಿಗೆದಾರರನ್ನು ಅಳೆಯುವುದೇ ಪ್ರಯಾಣಿಕರು ನ್ಯಾಯವಾಗಿ ಕಾಯಬೇಕಾದ ಹೊತ್ತಿಗಿಂತ ಎಷ್ಟು ಹೆಚ್ಚು ಕಾದರು ಎಂಬ ಲೆಕ್ಕದಿಂದ. ನಮ್ಮ ನಿಗಮಗಳು ಓಡಿದ ಕಿಲೋಮೀಟರು, ಬಂದ ವರಮಾನವನ್ನು ಅಳೆಯುವಷ್ಟೇ ಶ್ರದ್ಧೆಯಿಂದ ಈ ಹೆಚ್ಚುವರಿ ಕಾಯುವಿಕೆಯನ್ನೂ ಮಾರ್ಗವಾರು ಅಳೆದು ತಿಂಗಳಿಗೊಮ್ಮೆ ಪ್ರಕಟಿಸಲಿ. ಹೊಸ ಬಸ್ಸುಗಳು ಬಂದಾಗ ಅವು ಯಾವ ಮಾರ್ಗಕ್ಕೆ ನಿಜವಾಗಿ ಬೇಕು, ಯಾವ ಮಾರ್ಗದಲ್ಲಿ ಇರುವ ಬಸ್ಸುಗಳನ್ನೇ ಬಿಡಿಬಿಡಿಯಾಗಿ ಓಡಿಸಿದರೆ ಸಾಕು ಎಂಬುದೂ ಆಗ ತಿಳಿಯುತ್ತದೆ.