ಮಳೆಯ ಲೆಕ್ಕದ ಜೊತೆಗೆ ಊಟದ ಲೆಕ್ಕ

ಹೂಮಳೆ ಎಷ್ಟು ಸೆಂಟು ಬಂತು, ಅದರ ಹಿಂದಿನ ಮಳೆ ಯಾವ ದಿನ ಬಂತು ಎಂಬುದನ್ನು ನಮ್ಮ ಬೆಳೆಗಾರ ಬಾಂಧವರು ತಪ್ಪದೆ ಬರೆದಿಡುತ್ತಾರೆ. ಗೊಬ್ಬರದ ಚೀಲ, ಆಳುಗಳ ಹಾಜರಿ, ಸುಣ್ಣ-ಮೈಲುತುತ್ತದ ಖರ್ಚು, ಎಲ್ಲಕ್ಕೂ ಲೆಕ್ಕವುಂಟು. ತಮ್ಮ ಹೊಟ್ಟೆಗೆ ಏನು ಹೋಯಿತು, ಕಾಲು ಎಷ್ಟು ನಡೆಯಿತು ಎಂಬುದಕ್ಕೆ ಮಾತ್ರ ಲೆಕ್ಕವಿಲ್ಲ. ಈಗ ಮೊಬೈಲ್ ಫೋನು, ಕೈಗಡಿಯಾರಗಳು ಆ ಲೆಕ್ಕವನ್ನು ತಾವು ಇಡುತ್ತೇವೆಂದು ಮುಂದೆ ಬಂದಿವೆ. ಪಟ್ಟಣದಲ್ಲಿರುವ ಮಕ್ಕಳು ಹಬ್ಬಕ್ಕೆ ಬಂದಾಗ ತಂದೆತಾಯಿಯರ ಫೋನಿಗೆ ಇದನ್ನು ಹಾಕಿಕೊಟ್ಟು ಹೋಗುವುದೂ ಉಂಟು. ಇದರಿಂದ ನಮಗೇನು ಪ್ರಯೋಜನವೆಂಬುದನ್ನು ನೋಡೋಣ.

ವಿಷಯ ಹಗುರವಾದುದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಸಕ್ಕರೆ ಕಾಯಿಲೆಯಿದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ತೋಟಕ್ಕೆ ನಡೆದು ಹೋಗುತ್ತಿದ್ದವರು ಈಗ ಬೈಕಿನಲ್ಲಿ ಹೋಗುತ್ತಾರೆ. ತಟ್ಟೆಯ ಅನ್ನ ಮಾತ್ರ ನಡೆಯುತ್ತಿದ್ದ ಕಾಲದಷ್ಟೇ ಉಳಿದಿದೆ.

ಊಟದ ಲೆಕ್ಕವಿಡುವ ಕೆಲಸಕ್ಕೆ ನಮ್ಮ ರಾಜ್ಯದಲ್ಲಿ ಒಂದು ಸ್ವಾರಸ್ಯಕರ ಹಿನ್ನೆಲೆಯುಂಟು. 2011ರಲ್ಲಿ ತುಷಾರ್ ವಶಿಷ್ಠ ಮತ್ತು ಮ್ಯಾಥ್ಯೂ ಚೆರಿಯನ್ ಎಂಬ ಇಬ್ಬರು ಯುವಕರು ಬೆಂಗಳೂರಿನಲ್ಲಿ ದಿನಕ್ಕೆ 100 ರೂಪಾಯಿಯಲ್ಲಿ ಬದುಕಿ ನೋಡಿದರು. ಆಮೇಲೆ ಕೇರಳದ ಹಳ್ಳಿಯೊಂದರಲ್ಲಿ 26 ರೂಪಾಯಿಗೆ ಇಳಿದರು. ಅಂದಿನ ಯೋಜನಾ ಆಯೋಗ ಹಳ್ಳಿಯ ಬಡತನಕ್ಕೆ ಹಾಕಿದ್ದ ಗೆರೆ ಅದು. ಯಾವ ಪದಾರ್ಥ ಎಷ್ಟು ಪೈಸೆಗೆ ಎಷ್ಟು ಕ್ಯಾಲೊರಿ ಕೊಡುತ್ತದೆಂದು ಎಣಿಸಿ ಉಂಡರು. 25 ಪೈಸೆಗೆ 27 ಕ್ಯಾಲೊರಿ ಕೊಡುವ ಬಿಸ್ಕತ್ತು ಅವರ ಪಾಲಿಗೆ ಆಪದ್ಬಾಂಧವನಾಯಿತು. ಮರುವರ್ಷ, 2012ರಲ್ಲಿ, ತುಷಾರ್ ಅವರು ಸ್ನೇಹಿತರೊಡನೆ ಬೆಂಗಳೂರಿನಲ್ಲಿಯೇ ‘ಹೆಲ್ತಿಫೈಮಿ’ ಎಂಬ ಸಂಸ್ಥೆ ಕಟ್ಟಿ, ಇಡ್ಲಿ ದೋಸೆಗಳಿಗೂ ಫೋನಿನಲ್ಲಿ ಕ್ಯಾಲೊರಿ ಲೆಕ್ಕ ಸಿಗುವಂತೆ ಮಾಡಿದರು. ಅವರು ಎಣಿಸಿದ್ದು ಸಾಲದೆಂದು. ನಾವು ಎಣಿಸಬೇಕಾಗಿರುವುದು ಹೆಚ್ಚಾಯಿತೆಂದು. ಇದಲ್ಲದೆ ಕೇಂದ್ರ ಸರ್ಕಾರವೂ 2021ರ ಆಗಸ್ಟ್ 29ರಂದು ‘ಫಿಟ್ ಇಂಡಿಯಾ’ ಎಂಬ ಉಚಿತ ಆ್ಯಪನ್ನು ಬಿಡುಗಡೆ ಮಾಡಿತು.

ಆದರೆ ಫೋನಿನ ಅಳತೆಯೇ ಬೇರೆ, ಅಡುಗೆಮನೆಯ ಅಳತೆಯೇ ಬೇರೆ. ಹನುಮಪ್ಪನ ದರ್ಶನಕ್ಕೆಂದು ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಗೆ ಹೋಗಿ ಬಂದವರಿಗೆ ಆ ಕಡೆಯ ಜೋಳದ ರೊಟ್ಟಿ ಗೊತ್ತು. ‘ಒಂದು ರೊಟ್ಟಿ’ ಎಂದು ಬರೆದರೆ ಫೋನು ಗೋಧಿಯ ಸಣ್ಣ ಚಪಾತಿಯೆಂದು ತಿಳಿದರೂ ತಿಳಿಯಬಹುದು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ 2017ರ ಕೋಷ್ಟಕದಂತೆ 100 ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲೊರಿಯೂ 10 ಗ್ರಾಂ ನಾರೂ ಇವೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ 356 ಕ್ಯಾಲೊರಿ, ನಾರು 3 ಗ್ರಾಮಿಗೂ ಕಡಿಮೆ. ತುಳಸಿಗೇರಿಯ ರೊಟ್ಟಿಗಾಗಲಿ ನಮ್ಮ ಕಡುಬಿಗಾಗಲಿ ಉಪಾಯ ಒಂದೇ: ಒಂದು ದಿನ ಹಿಟ್ಟನ್ನು ತಕ್ಕಡಿಯಲ್ಲಿ ತೂಗಿ, ಎಷ್ಟಾದವೆಂದು ಎಣಿಸಿ ಭಾಗಿಸಿಕೊಳ್ಳುವುದು. ಒಮ್ಮೆ ತೂಗಿದರೆ ವರ್ಷಕ್ಕೆ ಸಾಕು.

ಎಣ್ಣೆಯದು ಇನ್ನೂ ಕಷ್ಟ. ಪಲ್ಯದ ಫೋಟೋ ತೆಗೆದರೆ ಪಲ್ಯ ಕಂಡೀತು, ಒಗ್ಗರಣೆಗೆ ಸುರಿದ ಎಣ್ಣೆ ಕಾಣದು. ನಾಲ್ವರ ಮನೆಗೆ ತಿಂಗಳಿಗೆ 4 ಲೀಟರ್ ತರುವುದಾದರೆ ತಲೆಗೆ ದಿನಕ್ಕೆ ಸುಮಾರು 30 ಗ್ರಾಂ, ಎಂದರೆ 270 ಕ್ಯಾಲೊರಿ. ಈ ಲೆಕ್ಕಕ್ಕೆ ಫೋನೇ ಬೇಡ, ಅಂಗಡಿಯ ಚೀಟಿ ಸಾಕು.

ಇನ್ನು ಕಾಫಿ. ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆಯಾದರೆ 50 ಗ್ರಾಂ. ದಿನಕ್ಕೆ 2,000 ಕ್ಯಾಲೊರಿ ಉಣ್ಣುವವರಿಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ ಅಷ್ಟೇ; ಅದರರ್ಧಕ್ಕೆ ಇಳಿಸಿದರೆ ಇನ್ನೂ ಒಳ್ಳೆಯದೆಂದೂ ಅದು ಹೇಳಿದೆ. ನಾವು ಕಾಫಿಯನ್ನು ದೂರುತ್ತಿಲ್ಲ, ಅದು ನಮ್ಮ ಬೆಳೆ. ಸಕ್ಕರೆ ಕಡಿಮೆ ಮಾಡಿ ಎಂದರೆ ಕಬ್ಬು ಬೆಳೆಯುವ ಬಾಗಲಕೋಟೆಯ ಬಂಧುಗಳು ಮುನಿಯಬಾರದು.

ಹೆಜ್ಜೆಯ ವಿಷಯದಲ್ಲಿ ‘ದಿನಕ್ಕೆ 10,000’ ಎಂಬ ಮಾತು ಎಲ್ಲರ ಬಾಯಲ್ಲಿದೆ. ಇದು 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್ಪೊ-ಕೇ’, ಎಂದರೆ ಹತ್ತುಸಾವಿರ ಹೆಜ್ಜೆಯ ಮಾಪಕ, ಎಂಬ ಯಂತ್ರದ ಹೆಸರಿನಿಂದ ಹಬ್ಬಿದ್ದು. ಅಮೆರಿಕದ 16,000ಕ್ಕೂ ಹೆಚ್ಚು ವೃದ್ಧೆಯರನ್ನು ಗಮನಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,700 ಹೆಜ್ಜೆಯವರಿಗಿಂತ 4,400 ಹೆಜ್ಜೆ ನಡೆದವರಲ್ಲಿ ಸಾವು ಕಡಿಮೆ ಕಂಡುಬಂತು. 7,500ರಿಂದಾಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಅಂಕೆ ಮುಟ್ಟಲಿಲ್ಲವೆಂದು ಸಂಜೆ ಅಂಗಳ ಸುತ್ತುವ ಹಿರಿಯರು ಇದನ್ನು ಗಮನಿಸಬೇಕು.

ಈ ಯಂತ್ರ ಎಣಿಸುವುದು ಕುಲುಕನ್ನು. ಬೆನ್ನಿಗೆ ಪಂಪು ಹೊತ್ತು ನಿಂತು ಔಷಧಿ ಹೊಡೆದರೆ ಅದಕ್ಕೆ ಲೆಕ್ಕವಿಲ್ಲ. ಕೈಗಡಿಯಾರ ಕಟ್ಟಿ ಕತ್ತಿ ಬೀಸಿದರೆ ನಡೆಯದ ಹೆಜ್ಜೆಗಳೂ ಸೇರಬಹುದು. ಮನೆಯಲ್ಲಿ ಬಿಟ್ಟುಹೋದ ಫೋನು ಮರದಡಿ ಇಟ್ಟ ಮಳೆಮಾಪಕದಂತೆ. ಒಂದು ದಿನದ ಅಂಕೆಗಿಂತ ಕೊಯ್ಲಿನ ತಿಂಗಳಿಗೂ ಮಳೆಗಾಲದ ತಿಂಗಳಿಗೂ ಇರುವ ವ್ಯತ್ಯಾಸವೇ ನಮಗೆ ಹೆಚ್ಚು ತಿಳಿಸುತ್ತದೆ. ಮಳೆಗಾಲದಲ್ಲಿ ನಡಿಗೆ ನಿಂತು ಕುರುಕಲು ಹೆಚ್ಚುವುದು ಅದರಲ್ಲಿ ಎದ್ದು ಕಾಣುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಸೂಜಿ ಚುಚ್ಚದೆ ರಕ್ತದ ಸಕ್ಕರೆ ಹೇಳುತ್ತದೆಂದು ಕೆಲವು ಗಡಿಯಾರ, ಉಂಗುರಗಳನ್ನು ಮಾರುತ್ತಾರೆ. ತಾನೇ ಸಕ್ಕರೆ ಅಳೆಯುವ ಅಂಥ ಯಾವ ಸಾಧನಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲವೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2024ರ ಫೆಬ್ರವರಿಯಲ್ಲಿ ತಿಳಿಸಿತು. ಇನ್ಸುಲಿನ್ ಅಥವಾ ಸಕ್ಕರೆಯ ಮಾತ್ರೆ ತೆಗೆದುಕೊಳ್ಳುವವರು ಫೋನಿನ ಮಾತು ಕೇಳಿ ಊಟ ಬಿಟ್ಟರೆ ಸಕ್ಕರೆ ತೀರ ಇಳಿದು ತೋಟದಲ್ಲೇ ಬಿದ್ದುಬಿಡುವ ಅಪಾಯವಿದೆ. ಅಂಥವರು ಒಂದು ತಿಂಗಳ ಲೆಕ್ಕವನ್ನು ಫೋನಿನಲ್ಲೋ ಪುಸ್ತಕದಲ್ಲೋ ಬರೆದು, ಮೊದಲು ವೈದ್ಯರಿಗೆ ತೋರಿಸುವುದು.