ಹೆಡ್‌ಫೋನ್‌ನ ಒಂದು ಕಿವಿ ಸತ್ತಿದೆಯೇ? ಎಸೆಯುವ ಮುನ್ನ ಮನೆಯಲ್ಲೇ ಬಿಚ್ಚಿ ನೋಡಿ

ಬೆಳಗ್ಗೆ ಕೆಲಸಕ್ಕೆ ಹೊರಟು ಲೋಕಲ್ ರೈಲಿನಲ್ಲೋ ಮೆಟ್ರೋದಲ್ಲೋ ಜಾಗ ಹಿಡಿದು ಹೆಡ್‌ಫೋನ್ ಹಾಕಿಕೊಂಡರೆ ಬಲಗಿವಿಯಲ್ಲಿ ಹಾಡು ಬರುತ್ತಿದೆ, ಎಡಗಿವಿ ಮೌನ. ವೈರನ್ನು ಸ್ವಲ್ಪ ತಿರುಚಿ ಹಿಡಿದರೆ ಎರಡೂ ಬರುತ್ತವೆ, ಕೈ ಬಿಟ್ಟರೆ ಮತ್ತೆ ಒಂದೇ. ಒಂದು ವಾರ ಹೀಗೇ ತಿರುಚಿ ಹಿಡಿದು ಕೇಳುತ್ತೇವೆ, ಆಮೇಲೆ ಹೊಸದನ್ನು ಆರ್ಡರ್ ಮಾಡುತ್ತೇವೆ. ಹಳೆಯದು ಡ್ರಾಯರ್ ಸೇರುತ್ತದೆ, ಅಲ್ಲಿಂದ ಕಸದ ಬುಟ್ಟಿಗೆ.

ವಿಷಯವೇನೆಂದರೆ, ಹೀಗೆ ಎಸೆಯುವ ಹೆಡ್‌ಫೋನ್‌ಗಳಲ್ಲಿ ಹಲವದರ ಸ್ಪೀಕರ್ ಚೆನ್ನಾಗಿಯೇ ಇರುತ್ತದೆ. ಹಾಳಾಗಿರುವುದು ಕೂದಲೆಳೆಯಷ್ಟು ತೆಳುವಾದ ಒಂದು ತಂತಿ ಮಾತ್ರ. ಅದನ್ನು ಸರಿಪಡಿಸಲು ಎಂಜಿನಿಯರ್ ಆಗಬೇಕಿಲ್ಲ, ತಾಳ್ಮೆ ಮತ್ತು ನಾಲ್ಕೈದು ಸಣ್ಣ ಸಾಮಾನು ಸಾಕು. ಆದರೆ ಎಲ್ಲ ಹೆಡ್‌ಫೋನ್‌ಗಳನ್ನೂ ಬಿಚ್ಚಬಾರದು. ಯಾವುದನ್ನು ಬಿಚ್ಚಬಹುದು, ಯಾವುದಕ್ಕೆ ಕೈ ಹಾಕಬಾರದು ಎಂಬುದು ಇಲ್ಲಿದೆ.

ಮೊದಲು ರೋಗ ಎಲ್ಲಿದೆ ಎಂದು ಪತ್ತೆ ಮಾಡಿ

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುನ್ನ ಮೂರು ಸಂಗತಿ ಪರೀಕ್ಷಿಸಿ. ಒಂದು, ಹೆಡ್‌ಫೋನನ್ನು ಬೇರೆ ಫೋನ್‌ಗೋ ಲ್ಯಾಪ್‌ಟಾಪ್‌ಗೋ ಹಾಕಿ ನೋಡಿ. ಅಲ್ಲಿ ಸರಿಯಾಗಿ ಕೇಳಿಸಿದರೆ ದೋಷ ನಿಮ್ಮ ಫೋನಿನದು. ಎರಡು, ಫೋನಿನ ಹೆಡ್‌ಫೋನ್ ತೂತಿನಲ್ಲಿ ಜೇಬಿನ ಹತ್ತಿ, ದೂಳು ಕೂತಿದೆಯೇ ನೋಡಿ, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಮೂರು, ಫೋನ್ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗದಲ್ಲಿ ಎಡ-ಬಲ ಶಬ್ದದ ಹೊಂದಾಣಿಕೆ ಇರುತ್ತದೆ. ಅದು ಒಂದು ಬದಿಗೆ ಸರಿದಿದ್ದರೆ ಮಧ್ಯಕ್ಕೆ ತನ್ನಿ. ಕಿವಿಯೊಳಗೆ ಇಡುವ ಇಯರ್‌ಫೋನ್ ಆಗಿದ್ದರೆ ಅದರ ಜಾಲರಿಯಲ್ಲಿ ಕಿವಿಯ ಗುಗ್ಗೆ ಕಟ್ಟಿಕೊಂಡಿರಬಹುದು.

ಇವೆಲ್ಲ ಸರಿಯಿದ್ದರೆ ಹಾಡು ಹಾಕಿ, ವೈರನ್ನು ತುದಿಯಿಂದ ತುದಿಯವರೆಗೆ ಒಂದೊಂದೇ ಇಂಚು ಬಗ್ಗಿಸುತ್ತಾ ಹೋಗಿ. ಶಬ್ದ ಎಲ್ಲಿ ಬಂದು ಹೋಗುತ್ತದೆಯೋ ಅಲ್ಲಿ ತಂತಿ ತುಂಡಾಗಿದೆ. ಸಾಮಾನ್ಯವಾಗಿ ಅದು ಎರಡೇ ಕಡೆ: ಪಿನ್ನಿನ ಬುಡದಲ್ಲಿ ಅಥವಾ ವೈರು ಕಿವಿಯ ಬಟ್ಟಲಿಗೆ ಸೇರುವ ಜಾಗದಲ್ಲಿ. ದಿನವೂ ಬಗ್ಗುವುದು ಈ ಎರಡು ಜಾಗಗಳೇ.

ಇನ್ನೊಂದು ವಿಚಿತ್ರ ಲಕ್ಷಣವೂ ಇದೆ. ಎರಡೂ ಕಿವಿಯಲ್ಲಿ ವಾದ್ಯ ಕೇಳುತ್ತದೆ, ಆದರೆ ಗಾಯಕರ ದನಿ ಬಾವಿಯೊಳಗಿಂದ ಬಂದಂತೆ ದೂರ ಹೋಗಿರುತ್ತದೆ. ಹಾಡು ಕರೋಕೆಯಂತಾಗುತ್ತದೆ. ಇದು ಎರಡೂ ಕಿವಿಗೆ ಸಾಮಾನ್ಯವಾದ ಗ್ರೌಂಡ್ ತಂತಿ ತುಂಡಾಗಿದ್ದರ ಗುರುತು. ಗಾಯಕರ ದನಿಯನ್ನು ಸಾಮಾನ್ಯವಾಗಿ ಎಡ-ಬಲ ಎರಡರಲ್ಲೂ ಸಮನಾಗಿ ಮುದ್ರಿಸಿರುತ್ತಾರೆ. ಗ್ರೌಂಡ್ ಕಡಿದಾಗ ಎಡ-ಬಲಗಳ ವ್ಯತ್ಯಾಸ ಮಾತ್ರ ಸ್ಪೀಕರ್ ತಲುಪುತ್ತದೆ, ಸಮನಾಗಿರುವ ದನಿ ಪರಸ್ಪರ ಅಳಿಸಿಹೋಗುತ್ತದೆ.

ಮಲ್ಟಿಮೀಟರ್ ಇದ್ದರೆ ಅನುಮಾನವೇ ಇರದು

ಒಂದು ಸಾದಾ ಡಿಜಿಟಲ್ ಮಲ್ಟಿಮೀಟರ್ ಇದ್ದರೆ ಕೆಲಸ ಅರ್ಧ ಮುಗಿದಂತೆ. ಹೆಡ್‌ಫೋನಿನ 3.5 ಮಿಮೀ ಪಿನ್ನನ್ನು ಗಮನಿಸಿ. ಅದರ ಮೇಲೆ ಕಪ್ಪು ಗೆರೆಗಳಿವೆ. ಎರಡು ಗೆರೆ ಇದ್ದರೆ ಅದು ಮೂರು ಭಾಗದ ಪಿನ್: ತುದಿ ಎಡಗಿವಿಗೆ, ನಡುವಿನ ಬಳೆ ಬಲಗಿವಿಗೆ, ಬುಡ ಗ್ರೌಂಡ್‌ಗೆ. ಮೂರು ಗೆರೆ ಇದ್ದರೆ ಮೈಕ್ ಕೂಡ ಇದೆ ಎಂದರ್ಥ. ಈಗಿನ ಫೋನ್‌ಗಳ ಕ್ರಮದಲ್ಲಿ ತುದಿ ಎಡ, ಮೊದಲ ಬಳೆ ಬಲ, ಎರಡನೇ ಬಳೆ ಗ್ರೌಂಡ್, ಬುಡ ಮೈಕ್.

ಮೀಟರನ್ನು ಓಮ್ ಅಳತೆಗೆ ತಿರುಗಿಸಿ, ಒಂದು ಕಡ್ಡಿಯನ್ನು ಗ್ರೌಂಡ್‌ಗೆ, ಇನ್ನೊಂದನ್ನು ತುದಿಗೆ ಮುಟ್ಟಿಸಿ. ಸಾಮಾನ್ಯ ಹೆಡ್‌ಫೋನ್‌ಗಳು 16 ಅಥವಾ 32 ಓಮ್‌ನವು, ಮೀಟರ್ ಅದರ ಆಸುಪಾಸಿನ ಅಂಕಿ ತೋರಿಸಬೇಕು, ಕಿವಿಯಲ್ಲಿ ಸಣ್ಣ ಕರಕರ ಶಬ್ದವೂ ಬರಬೇಕು. ಏನೂ ತೋರಿಸದಿದ್ದರೆ ದಾರಿಯಲ್ಲೆಲ್ಲೋ ತಂತಿ ಕಡಿದಿದೆ. ಬಟ್ಟಲು ಬಿಚ್ಚಿದ ಮೇಲೆ ಇದೇ ಪರೀಕ್ಷೆಯನ್ನು ನೇರವಾಗಿ ಸ್ಪೀಕರಿನ ಎರಡು ಬೆಸುಗೆ ಬಿಂದುಗಳ ಮೇಲೆ ಮಾಡಿ. ಅಲ್ಲಿ ಅಂಕಿ ಬಂದರೆ ಸ್ಪೀಕರ್ ಜೀವಂತ, ವೈರು ಮಾತ್ರ ಸತ್ತಿದೆ. ಅಲ್ಲೂ ಬರದಿದ್ದರೆ ಸ್ಪೀಕರಿನ ಸುರುಳಿಯೇ ಕಡಿದಿದೆ, ಸ್ಪೀಕರನ್ನೇ ಬದಲಿಸಬೇಕು.

ಬಿಚ್ಚುವುದು ಹೇಗೆ?

ತಲೆಯ ಮೇಲೆ ಹಾಕುವ ದೊಡ್ಡ ಹೆಡ್‌ಫೋನ್‌ಗಳಲ್ಲಿ ಹೊರಗೆ ಸ್ಕ್ರೂ ಕಾಣುವುದು ಕಡಿಮೆ. ಅವು ಕಿವಿಯ ಮೆತ್ತೆಯ ಕೆಳಗೆ ಅಡಗಿರುತ್ತವೆ. ಮೆತ್ತೆ ಮೂರು ಬಗೆಯಲ್ಲಿ ಕೂತಿರಬಹುದು. ದಿಂಬಿನ ಕವರಿನಂತೆ ಅಂಚಿಗೆ ಸಿಕ್ಕಿಸಿದ್ದರೆ ಬೆರಳಿನಿಂದಲೇ ಎಳೆದು ಬಿಡಿಸಬಹುದು. ಪ್ಲಾಸ್ಟಿಕ್ ಕ್ಲಿಪ್‌ನಲ್ಲಿ ಕೂತಿದ್ದರೆ ಅವಧಿ ಮುಗಿದ ಎಟಿಎಂ ಕಾರ್ಡನ್ನು ಸಂದಿಗೆ ತೂರಿಸಿ ಮೆಲ್ಲಗೆ ಎತ್ತಿ, ಟಕ್ ಎಂದು ಬಿಡುತ್ತದೆ. ಅಂಟಿಸಿದ್ದರೆ ಕೂದಲು ಒಣಗಿಸುವ ಡ್ರೈಯರ್‌ನಿಂದ ಹದವಾಗಿ ಬಿಸಿ ಮಾಡಿ ಬಿಡಿಸಿ. ಚಾಕು ಬೇಡ. ಅದು ಪ್ಲಾಸ್ಟಿಕ್ಕನ್ನೂ ನಿಮ್ಮ ಬೆರಳನ್ನೂ ಒಟ್ಟಿಗೇ ಕೊಯ್ಯುತ್ತದೆ.

ಮೆತ್ತೆ ತೆಗೆದರೆ ಸಣ್ಣ ಪ್ಲಸ್ ಸ್ಕ್ರೂಗಳು ಕಾಣುತ್ತವೆ. ಕೆಲವೊಮ್ಮೆ ತೆಳು ಬಟ್ಟೆಯ ಕೆಳಗೂ ಒಂದಿರುತ್ತದೆ. ಎಲ್ಲ ಸ್ಕ್ರೂ ತೆಗೆದರೂ ಬಟ್ಟಲು ಬಿಡದಿದ್ದರೆ ಬಲ ಹಾಕಬೇಡಿ, ಇನ್ನೊಂದು ಸ್ಕ್ರೂ ಎಲ್ಲೋ ಉಳಿದಿದೆ ಎಂದೇ ತಿಳಿಯಿರಿ. ಬಿಟ್ಟ ಮೇಲೂ ಒಮ್ಮೆಗೇ ಎತ್ತಬೇಡಿ. ಒಳಗಿನ ತಂತಿಗಳು ಗಿಡ್ಡವಾಗಿರುತ್ತವೆ, ಎಳೆದರೆ ಕಿತ್ತು ಬರುತ್ತವೆ.

ಎರಡು ಎಚ್ಚರಿಕೆ. ಪ್ರತಿ ಹಂತದಲ್ಲೂ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ, ಯಾವ ಬಣ್ಣದ ತಂತಿ ಎಲ್ಲಿತ್ತು ಎಂಬುದು ಅರ್ಧ ಗಂಟೆಯಲ್ಲಿ ಮರೆತುಹೋಗುತ್ತದೆ. ಸ್ಪೀಕರಿನಲ್ಲಿ ಪ್ರಬಲ ಅಯಸ್ಕಾಂತವಿದೆ. ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಅದು ತಟ್ಟನೆ ಎಳೆದುಕೊಂಡರೆ ಕಾಗದಕ್ಕಿಂತ ತೆಳುವಾದ ಪರದೆ ತೂತಾಗುತ್ತದೆ. ಅಲ್ಲಿಯವರೆಗೆ ಚೆನ್ನಾಗಿದ್ದ ಸ್ಪೀಕರ್ ನಿಮ್ಮ ಕೈಯಲ್ಲೇ ಸಾಯುತ್ತದೆ.

ಪಿನ್ ಬದಲಿಸುವ ಕೆಲಸ

ತಂತಿ ಪಿನ್ನಿನ ಬುಡದಲ್ಲಿ ಕಡಿದಿದ್ದರೆ ಬಟ್ಟಲು ಬಿಚ್ಚುವ ಅಗತ್ಯವೇ ಇಲ್ಲ. ಹೊಸ ಪಿನ್ ಹಾಕಿದರೆ ಆಯಿತು. ಮೈಕ್ ಇದ್ದರೆ ನಾಲ್ಕು ಭಾಗದ ಪಿನ್ ಕೇಳಿ ತನ್ನಿ. ಮೂರು ಭಾಗದ್ದು ಹಾಕಿದರೆ ಹಾಡು ಕೇಳಬಹುದು, ಮೈಕ್ ಕೆಲಸ ಮಾಡದು. ಮುಂಬೈಯ ಲ್ಯಾಮಿಂಗ್ಟನ್ ರಸ್ತೆ, ಪುಣೆಯ ತಾಪ್ಕೀರ್ ಗಲ್ಲಿ, ಚೆನ್ನೈಯ ರಿಚಿ ಸ್ಟ್ರೀಟ್, ಹೈದರಾಬಾದಿನ ಕೋಠಿ, ದೆಹಲಿಯ ಲಾಜಪತ್ ರಾಯ್ ಮಾರ್ಕೆಟ್ ಮುಂತಾದ ಕಡೆ ಇಂಥ ಬಿಡಿಭಾಗ ಸುಲಭವಾಗಿ ಸಿಗುತ್ತವೆ. ಬೆಂಗಳೂರಿಗೆ ಹೋದಾಗ ಎಸ್‌ಪಿ ರಸ್ತೆ ಇದ್ದೇ ಇದೆ.

ಹಳೆಯ ಪಿನ್ನಿನಿಂದ ಎರಡು ಮೂರು ಸೆಂಟಿಮೀಟರ್ ಬಿಟ್ಟು ವೈರನ್ನು ಕತ್ತರಿಸಿ. ಹೊಸ ಪಿನ್ನಿನ ಮುಚ್ಚಳವನ್ನು ಬೆಸುಗೆಗೆ ಮೊದಲೇ ವೈರಿಗೆ ಪೋಣಿಸಿಕೊಳ್ಳಿ. ಇದನ್ನು ಮರೆಯದವರು ಕಡಿಮೆ. ಬೆಸುಗೆ ಎಲ್ಲ ಮುಗಿದ ಮೇಲೆ ಮುಚ್ಚಳ ಮೇಜಿನ ಮೇಲೆ ಕೂತು ನಗುತ್ತಿರುತ್ತದೆ.

ವೈರಿನ ಸಿಪ್ಪೆ ತೆಗೆದರೆ ಒಳಗೆ ಬಣ್ಣಬಣ್ಣದ ಎಳೆಗಳು ಕಾಣುತ್ತವೆ. ಸಾಮಾನ್ಯವಾಗಿ ಕೆಂಪು ಬಲಗಿವಿಗೆ, ಹಸಿರು ಅಥವಾ ನೀಲಿ ಎಡಗಿವಿಗೆ, ತಾಮ್ರದ ಬಣ್ಣದ್ದು ಗ್ರೌಂಡ್‌ಗೆ. ಆದರೆ ಕಂಪನಿಯಿಂದ ಕಂಪನಿಗೆ ಬಣ್ಣ ಬದಲಾಗುತ್ತದೆ, ಮೀಟರಿನಲ್ಲಿ ನೋಡಿಯೇ ಖಚಿತಪಡಿಸಿಕೊಳ್ಳಿ. ಮೊದಲ ಬಾರಿ ಮಾಡುವವರು ಸೋಲುವುದು ಇಲ್ಲೇ. ಆ ಬಣ್ಣ ಬರಿ ಬಣ್ಣವಲ್ಲ, ವಿದ್ಯುತ್ ಹರಿಯದಂತೆ ತಂತಿಗೆ ಬಳಿದ ವಾರ್ನಿಷ್. ಅದನ್ನು ತೆಗೆಯದೆ ಬೆಸೆದರೆ ನೋಡಲು ಬೆಸುಗೆ ಚೆನ್ನಾಗಿರುತ್ತದೆ, ಶಬ್ದ ಬರುವುದಿಲ್ಲ. ಬಿಸಿ ಸೋಲ್ಡರಿಂಗ್ ಐರನ್ ತುದಿಯಲ್ಲಿ ಸೋಲ್ಡರಿನ ಒಂದು ಹನಿ ಕರಗಿಸಿ, ತಂತಿಯ ತುದಿಯನ್ನು ಅದರಲ್ಲಿ ಕೆಲ ಸೆಕೆಂಡು ಅದ್ದಿ ಹಿಡಿಯಿರಿ. ವಾರ್ನಿಷ್ ಸುಟ್ಟು ಹೊಗೆಯಾಡಿ ತುದಿ ಬೆಳ್ಳಗೆ ಹೊಳೆಯುತ್ತದೆ. ಆಗ ಅದು ಬೆಸುಗೆಗೆ ಸಿದ್ಧ. ಎಳೆಗಳ ನಡುವೆ ನೂಲು ಸಿಕ್ಕರೆ ಅದನ್ನು ಕತ್ತರಿಸಿ ಬಿಡಿ, ಅದು ಬಲಕ್ಕಾಗಿ ಹಾಕಿದ್ದು.

ಈಗ ಎಡ, ಬಲ, ಗ್ರೌಂಡ್ ಒಂದೊಂದನ್ನೇ ಪಿನ್ನಿನ ಕಾಲುಗಳಿಗೆ ಬೆಸೆಯಿರಿ. 25 ವ್ಯಾಟಿನ ಐರನ್ ಸಾಕು. ಹೆಚ್ಚು ಹೊತ್ತು ಬಿಸಿ ಹಿಡಿದರೆ ಪಿನ್ನಿನೊಳಗಿನ ಪ್ಲಾಸ್ಟಿಕ್ ಕರಗಿ ಭಾಗಗಳು ಒಂದಕ್ಕೊಂದು ತಾಗುತ್ತವೆ. ಮುಚ್ಚಳ ಹಾಕುವ ಮುನ್ನ ಮೀಟರಿನಲ್ಲಿ ಮತ್ತೊಮ್ಮೆ ಪರೀಕ್ಷಿಸಿ, ಆಮೇಲೆ ಪಿನ್ನಿನ ಹಿಂಬದಿಯ ತಗಡಿನ ಹಿಡಿಯನ್ನು ವೈರಿನ ಸಿಪ್ಪೆಯ ಮೇಲೆ ಒತ್ತಿ. ಎಳೆತ ಬೆಸುಗೆಯ ಮೇಲೆ ಬೀಳಬಾರದು.

ಬಟ್ಟಲಿನ ಬುಡದಲ್ಲಿ ಕಡಿದಿದ್ದರೂ ವಿಧಾನ ಇದೇ. ಹಾಳಾದ ತುಂಡು ಕತ್ತರಿಸಿ, ಉಳಿದ ತುದಿಯನ್ನು ಸ್ಪೀಕರಿನ ಅದೇ ಬಿಂದುಗಳಿಗೆ ಬೆಸೆಯಬೇಕು. ಪ್ಲಸ್-ಮೈನಸ್ ಅದಲು ಬದಲಾಗದಂತೆ ನೋಡಿಕೊಳ್ಳಿ. ಒಂದೇ ಬದಿಯಲ್ಲಿ ಅದಲು ಬದಲಾದರೆ ಎರಡೂ ಕಿವಿಯಲ್ಲಿ ಶಬ್ದ ಬಂದರೂ ಬಾಸ್ ತೆಳುವಾಗುತ್ತದೆ. ಸೀಸ ಬೆರೆತ ಸೋಲ್ಡರ್ ಬಳಸುವಾಗ ಕಿಟಕಿ ತೆರೆದಿರಲಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ, ಮಕ್ಕಳನ್ನು ದೂರವಿಡಿ.

ಮೆತ್ತೆ ಉದುರುತ್ತಿದ್ದರೆ

ಮುಂಬೈ, ಚೆನ್ನೈಯಂಥ ತೇವದ ಊರಿನಲ್ಲಿ ಕಿವಿಯ ಮೆತ್ತೆಯ ಕೃತಕ ಚರ್ಮ ಕಪ್ಪು ಪುಡಿಯಾಗಿ ಕೆನ್ನೆಗೆ ಅಂಟುವುದು ಸಾಮಾನ್ಯ. ಗಾಳಿಯ ತೇವ ಮತ್ತು ಬೆವರಿಗೆ ಪಾಲಿಯುರೆಥೇನ್ ಪದರ ಶಿಥಿಲವಾಗುವುದೇ ಇದಕ್ಕೆ ಕಾರಣ. ಇದು ಅತ್ಯಂತ ಸುಲಭದ ರಿಪೇರಿ. ನಿಮ್ಮ ಮಾಡೆಲ್‌ಗೆ ಹೊಂದುವ ಮೆತ್ತೆ ತರಿಸಿ ಹಾಕಿ. ಮೆತ್ತೆ ಹಾಳಾಗಿ ಕಿವಿಯ ಸುತ್ತ ಸಂದಿ ಬಿಟ್ಟರೆ ಬಾಸ್ ಸೋರಿಹೋಗುತ್ತದೆ, ಹೊರಗಿನ ಗದ್ದಲವೂ ಒಳನುಗ್ಗುತ್ತದೆ. ಶಬ್ದ ಕೆಟ್ಟಿತೆಂದು ದೂರುವವರಿಗೆ ಎಷ್ಟೋ ಬಾರಿ ಹೊಸ ಮೆತ್ತೆಯೇ ಮದ್ದು.

ಬ್ಲೂಟೂತ್ ಆದರೆ ಬ್ಯಾಟರಿಯ ಮೇಲೆ ಕಣ್ಣಿರಲಿ

ವೈರ್‌ಲೆಸ್ ಹೆಡ್‌ಫೋನ್‌ನಲ್ಲಿ ಮೊದಲು ಸೋಲುವುದು ಬ್ಯಾಟರಿ. ಲಿಥಿಯಂ ಬ್ಯಾಟರಿಗಳು ಸಾಮಾನ್ಯವಾಗಿ 300ರಿಂದ 500 ಬಾರಿ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಎದ್ದು ಕಾಣುವಷ್ಟು ಶಕ್ತಿ ಕಳೆದುಕೊಳ್ಳುತ್ತವೆ. ತಲೆಯ ಮೇಲೆ ಹಾಕುವ ಮಾದರಿಗಳಲ್ಲಿ ಇದನ್ನು ಬದಲಿಸಬಹುದು, ಆದರೆ ಇಲ್ಲಿ ತಪ್ಪಾದರೆ ಬೆಂಕಿಯ ಅಪಾಯವಿದೆ.

ಹೊಸ ಬ್ಯಾಟರಿಯ ವೋಲ್ಟೇಜ್ ಹಳೆಯದರಷ್ಟೇ ಇರಬೇಕು, ಹೆಚ್ಚಿನವು 3.7 ವೋಲ್ಟಿನವು. ಅಳತೆಯೂ ಹೊಂದಬೇಕು. ಬ್ಯಾಟರಿಯ ಮೇಲೆ 602535 ಎಂಬಂಥ ಸಂಖ್ಯೆ ಇದ್ದರೆ ಅದು 6 ಮಿಮೀ ದಪ್ಪ, 25 ಮಿಮೀ ಅಗಲ, 35 ಮಿಮೀ ಉದ್ದ ಎಂದರ್ಥ. ಹಳೆಯದರಲ್ಲಿ ಮೂರು ತಂತಿ ಇದ್ದರೆ ಹೊಸದರಲ್ಲೂ ಮೂರಿರಬೇಕು. ಮೂರನೆಯದು ಸಾಮಾನ್ಯವಾಗಿ ಬ್ಯಾಟರಿಯ ಬಿಸಿಯನ್ನು ಅಳೆಯುವುದಕ್ಕೆ. ತಂತಿಗಳನ್ನು ಒಟ್ಟಿಗೆ ಎಂದೂ ಕತ್ತರಿಸಬೇಡಿ. ಕತ್ತರಿಯ ಲೋಹವೇ ಎರಡನ್ನೂ ಜೋಡಿಸಿ ಶಾರ್ಟ್ ಸರ್ಕ್ಯೂಟ್ ಆಗುತ್ತದೆ. ಒಂದನ್ನು ಕತ್ತರಿಸಿ, ತುದಿಗೆ ಟೇಪ್ ಸುತ್ತಿ, ಆಮೇಲೆ ಇನ್ನೊಂದು.

ಬ್ಯಾಟರಿ ಉಬ್ಬಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್ ಹಾಕಬೇಡಿ. ತಿಳಿದವರ ಕೈಗೆ ಕೊಡಿ. ಹಳೆಯ ಬ್ಯಾಟರಿಯನ್ನು ಮನೆಯ ಕಸಕ್ಕೆ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಬೇರೆಯಾಗಿಯೇ ಸಂಗ್ರಹಿಸಿ ಮರುಬಳಕೆಗೆ ಕಳಿಸಬೇಕು. ಚಾರ್ಜಿಂಗ್ ತೂತು ಕಿತ್ತುಬಂದಿದ್ದರೆ ಅದೂ ಮನೆಯ ಕೆಲಸವಲ್ಲ, ಮೊಬೈಲ್ ರಿಪೇರಿ ಅಂಗಡಿಯವರ ಬಿಸಿಗಾಳಿ ಯಂತ್ರ ಬೇಕು.

ಇಯರ್‌ಬಡ್‌ಗಳಿಗೆ ಕೈ ಹಾಕಬೇಡಿ

ಕಿವಿಯಲ್ಲಿ ಕೂರುವ ಪುಟ್ಟ ವೈರ್‌ಲೆಸ್ ಬಡ್‌ಗಳ ಕತೆಯೇ ಬೇರೆ. ಸ್ಕ್ರೂ ಇಲ್ಲ, ಎಲ್ಲವೂ ಅಂಟು. ಬಿಚ್ಚಲು ಹೋದರೆ ಒಡೆಯುತ್ತದೆ, ಬ್ಯಾಟರಿಗೆ ಚಾಕು ತಗಲುವ ಭಯ ಬೇರೆ. ರಿಪೇರಿ ಕೈಪಿಡಿಗಳಿಗೆ ಹೆಸರಾದ ಐಫಿಕ್ಸಿಟ್ ಸಂಸ್ಥೆ ಆಪಲ್‌ನ ಏರ್‌ಪಾಡ್ಸ್‌ಗೆ ರಿಪೇರಿ ಯೋಗ್ಯತೆಯಲ್ಲಿ 10ಕ್ಕೆ ಸೊನ್ನೆ ಅಂಕ ಕೊಟ್ಟಿತ್ತು. ಇದು ತಂತ್ರಜ್ಞಾನದ ಮಿತಿಯೇನೂ ಅಲ್ಲ. ನೆದರ್‌ಲೆಂಡ್ಸ್‌ನ ಫೇರ್‌ಫೋನ್ ಕಂಪನಿ 2024ರಲ್ಲಿ ಬ್ಯಾಟರಿ ಬದಲಿಸಬಹುದಾದ ಇಯರ್‌ಬಡ್ ಮಾಡಿ ತೋರಿಸಿದೆ. ಯುರೋಪ್ ಒಕ್ಕೂಟದ 2023ರ ಬ್ಯಾಟರಿ ಕಾನೂನಿನಂತೆ 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಸಣ್ಣ ಉಪಕರಣಗಳ ಬ್ಯಾಟರಿಯನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಳಕೆದಾರರೇ ಬದಲಿಸುವಂತಿರಬೇಕು.

ಭಾರತದಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದೇ, ‘ರೈಟ್ ಟು ರಿಪೇರ್’ ಪೋರ್ಟಲ್ ಆರಂಭಿಸಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಈ ನಾಲ್ಕು ಕ್ಷೇತ್ರಗಳ ಕಂಪನಿಗಳು ರಿಪೇರಿ, ಬಿಡಿಭಾಗ, ವಾರಂಟಿಯ ಮಾಹಿತಿಯನ್ನು ಒಂದೇ ಕಡೆ ಕೊಡಲಿ ಎಂಬುದು ಅದರ ಉದ್ದೇಶ.

ಕೊನೆಯದಾಗಿ, ವಾರಂಟಿ ಉಳಿದಿದ್ದರೆ ಸ್ಕ್ರೂಡ್ರೈವರ್ ಮುಟ್ಟಬೇಡಿ. ಬಿಚ್ಚಿದ ಗುರುತು ಕಂಡರೆ ಸೇವಾ ಕೇಂದ್ರದವರು ಕೈ ತೊಳೆದುಕೊಳ್ಳುತ್ತಾರೆ. ಬಿಚ್ಚದ ವಸ್ತುವಿಗೂ ವಾರಂಟಿ ನಿರಾಕರಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ವಾರಂಟಿ ಮುಗಿದ, ವೈರಿರುವ, ಒಂದು ಕಿವಿ ಸತ್ತ ಹೆಡ್‌ಫೋನ್ ಡ್ರಾಯರಿನಲ್ಲಿ ಬಿದ್ದಿದ್ದರೆ ಈ ಭಾನುವಾರ ಅದನ್ನೇ ಹೊರತೆಗೆಯಿರಿ. ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ಸಿಗದು. ಕೆಟ್ಟರೆ ಅದು ಮೊದಲೇ ಕೆಟ್ಟಿತ್ತು, ಸರಿಯಾದರೆ ಹೊಸದರ ದುಡ್ಡು ಉಳಿಯಿತು.